ಪದ ಪರಿಚಯ: ಪರಿಹಾರವಿಲ್ಲದ ಭೂಸ್ವಾಧೀನ

ದಕ್ಷಿಣ ಆಫ್ರಿಕಾದ ಸುದ್ದಿ ಓದುವವರಿಗೆ 2018ರಿಂದ ಈಚೆಗೆ ಪದೇ ಪದೇ ಸಿಗುವ ಮಾತು ಇದು. ಸರ್ಕಾರ ಒಬ್ಬರ ಜಮೀನನ್ನು ಸಾರ್ವಜನಿಕ ಹಿತಕ್ಕೆ ಅಂತ ತೆಗೆದುಕೊಳ್ಳುತ್ತದೆ, ದುಡ್ಡು ಕೊಡುವುದಿಲ್ಲ. ಅರ್ಥ ಇಷ್ಟೇ. ಆದರೆ ರಸ್ತೆಗೋ ಅಣೆಕಟ್ಟಿಗೋ ಜಮೀನು ಹೋದರೂ ಪರಿಹಾರ ಸಿಗಬೇಕು ಅಂತ ನಾವೆಲ್ಲ ನಂಬಿದವರು, ಅಲ್ವಾ? ಹಾಗಾದರೆ ಒಂದು ದೇಶದ ಬಹಳಷ್ಟು ಜನಕ್ಕೆ ಇದೇ ನ್ಯಾಯ ಅಂತ ಯಾಕೆ ಅನ್ನಿಸಿತು?

ಅದಕ್ಕೆ 1913ಕ್ಕೆ ಹೋಗಬೇಕು. ಆ ವರ್ಷ ಜೂನ್‌ನಲ್ಲಿ ನೇಟಿವ್ಸ್ ಲ್ಯಾಂಡ್ ಆಕ್ಟ್ ಬಂತು. ಕಪ್ಪು ಜನರಿಗೆ ಅಂತ ಗೊತ್ತು ಮಾಡಿದ ಪ್ರದೇಶದ ಹೊರಗೆ ಅವರು ಜಮೀನು ಕೊಳ್ಳುವಂತಿಲ್ಲ, ಗುತ್ತಿಗೆಗೂ ಹಿಡಿಯುವಂತಿಲ್ಲ. ಆ ಪ್ರದೇಶ ಎಷ್ಟು? ದೇಶದ ನೆಲದಲ್ಲಿ ಸುಮಾರು ಶೇ. 7. 1936ರಲ್ಲಿ ಅದನ್ನು ಶೇ. 13ರ ಹತ್ತಿರಕ್ಕೆ ಏರಿಸಿದರು. ದೇಶದಲ್ಲಿ ಹೆಚ್ಚಿನವರು ಅವರೇ ಅನ್ನುವುದನ್ನು ನೆನಪಿಡಿ. ಬಿಳಿಯರ ಹೊಲಗಳಲ್ಲಿ ಪಾಲಿಗೆ ಉಳುತ್ತಿದ್ದ ಕುಟುಂಬಗಳು ದನಕರು ಹೊಡೆದುಕೊಂಡು, ಎಲ್ಲಿ ನಿಲ್ಲಬೇಕು ಅಂತ ತಿಳಿಯದೆ ದಾರಿ ಹಿಡಿದವು. ಸಾಲ್ ಪ್ಲಾಟ್ಯೆ ಎಂಬ ಪತ್ರಕರ್ತ ಆ ದಿನಗಳಲ್ಲಿ ಸೈಕಲ್ ಮೇಲೆ ಊರೂರು ಸುತ್ತಿ ಈ ಸಂಕಟವನ್ನು ಬರೆದಿಟ್ಟರು.

ವರ್ಣಭೇದ ನೀತಿಯ ಕಾಲದಲ್ಲಿ ಇದು ಇನ್ನೂ ಜಾಸ್ತಿಯಾಯಿತು. 1960ರಿಂದ 1983ರ ನಡುವೆ ಸುಮಾರು 35 ಲಕ್ಷ ಜನರನ್ನು ಅವರ ನೆಲದಿಂದ, ಮನೆಗಳಿಂದ ಬಲವಂತವಾಗಿ ಎಬ್ಬಿಸಲಾಯಿತು. ಎಲ್ಲವೂ ಕಾನೂನಿನ ಪ್ರಕಾರವೇ ನಡೆಯಿತು. ಈ ಪದದ ಹಿಂದಿನ ವಾದ ಹುಟ್ಟುವುದು ಇಲ್ಲಿಂದ: ಕಿತ್ತುಕೊಂಡಾಗ ಯಾರೂ ನಮಗೆ ಮಾರುಕಟ್ಟೆ ಬೆಲೆ ಕೊಡಲಿಲ್ಲ, ಈಗ ನಮ್ಮದನ್ನು ವಾಪಸ್ ಪಡೆಯೋಕೆ ನಾವ್ಯಾಕೆ ಕೊಡಬೇಕು?

1994ರಲ್ಲಿ ಮಂಡೇಲಾ ಸರ್ಕಾರ ಬಂದಾಗ ಬಿಳಿಯರ ಕೃಷಿ ಭೂಮಿಯಲ್ಲಿ ಶೇ. 30ರಷ್ಟನ್ನು ಐದು ವರ್ಷದಲ್ಲಿ ಹಂಚುತ್ತೇವೆ ಎಂದಿತ್ತು. ಆರಿಸಿಕೊಂಡ ದಾರಿ ಮಾತ್ರ ಮೆತ್ತಗಿನದು. ಮಾರುವವರಿಗೆ ಮನಸ್ಸಿದ್ದರೆ ಸರ್ಕಾರ ಪೇಟೆ ಬೆಲೆಗೆ ಕೊಳ್ಳುವುದು, ಮನಸ್ಸಿಲ್ಲದಿದ್ದರೆ ಸುಮ್ನೆ ಇರುವುದು. ಇದಕ್ಕೆ ಎತ್ತಿಟ್ಟ ಹಣ ದೇಶದ ಬಜೆಟ್‌ನಲ್ಲಿ ಶೇ. 1 ಕೂಡ ಆಗಲಿಲ್ಲ. ಮಾಲಾಮಾಲಾ ಎಂಬ ಒಂದೇ ಖಾಸಗಿ ವನ್ಯಧಾಮವನ್ನು ಮೂಲ ಸಮುದಾಯಕ್ಕೆ ಮರಳಿಸಲು ಸರ್ಕಾರ ಸುಮಾರು 100 ಕೋಟಿ ರ‍್ಯಾಂಡ್ ತೆತ್ತಿತು. ಹೀಗಾದರೆ ಎಷ್ಟು ಹಂಚೋಕಾಗುತ್ತೆ? 2017ರ ಸರ್ಕಾರಿ ಲೆಕ್ಕದಲ್ಲಿ, ವ್ಯಕ್ತಿಗಳ ಹೆಸರಿನಲ್ಲಿರುವ ಕೃಷಿ ಭೂಮಿಯ ಶೇ. 72 ಬಿಳಿಯರ ಕೈಲಿತ್ತು, ಕಪ್ಪು ಆಫ್ರಿಕನ್ನರ ಕೈಲಿ ಶೇ. 4. ಬಿಳಿಯರು ಜನಸಂಖ್ಯೆಯಲ್ಲಿ ಶೇ. 8ರಷ್ಟು ಮಾತ್ರ.

ಈ ಸಿಟ್ಟೇ 2018ರಲ್ಲಿ ಸಂಸತ್ತಿಗೆ ಬಂತು. ಪರಿಹಾರ ಕೊಡದೆ ಜಮೀನು ತೆಗೆದುಕೊಳ್ಳಲು ಸಂವಿಧಾನ ತಿದ್ದುವ ಬಗ್ಗೆ ಪರಿಶೀಲಿಸಿ ಅಂತ ಎಡಪಂಥೀಯ ನಾಯಕ ಜೂಲಿಯಸ್ ಮಲೆಮಾ ಅವರ ವಿರೋಧ ಪಕ್ಷ ತಂದ ನಿರ್ಣಯ ಪಾಸಾಯಿತು. ಆದರೆ ಸಂವಿಧಾನ ತಿದ್ದುವ ಮಸೂದೆ 2021ರ ಡಿಸೆಂಬರ್‌ನಲ್ಲಿ ಬಿದ್ದುಹೋಯಿತು. ಬೇಕಿದ್ದದ್ದು 267 ಮತ, ಸಿಕ್ಕಿದ್ದು 204. ಮಲೆಮಾ ಪಕ್ಷವೇ ವಿರೋಧಿಸಿತ್ತು. ಅವರಿಗೆ ಬೇಕಿದ್ದದ್ದು ಇಡೀ ದೇಶದ ಭೂಮಿ ಸರ್ಕಾರದ ಸುಪರ್ದಿಗೆ ಬರುವುದು.

ತಿದ್ದುವ ಅಗತ್ಯವೇ ಇರಲಿಲ್ಲ ಅನ್ನುವ ಕಾನೂನು ತಜ್ಞರೂ ಇದ್ದಾರೆ, ಅವರ ಮಾತಿನಲ್ಲಿ ತೂಕವಿದೆ. ಸಂವಿಧಾನದ 25ನೇ ಕಲಮಿನಲ್ಲಿ ಪರಿಹಾರ ನ್ಯಾಯವಾಗಿರಬೇಕು ಅಂತಿದೆಯೇ ಹೊರತು ಪೇಟೆ ಬೆಲೆಯಷ್ಟೇ ಇರಬೇಕು ಅಂತಿಲ್ಲ. ಆ ಜಮೀನು ಹೇಗೆ ಕೈಗೆ ಬಂತು, ಸರ್ಕಾರ ಅದರ ಮೇಲೆ ಎಷ್ಟು ಖರ್ಚು ಮಾಡಿದೆ, ಈಗ ಅದನ್ನು ಏನಕ್ಕೆ ಬಳಸುತ್ತಿದ್ದಾರೆ, ಇವನ್ನೆಲ್ಲ ತೂಗಿ ನೋಡಬೇಕು. 2025ರ ಜನವರಿಯಲ್ಲಿ ಅಧ್ಯಕ್ಷ ರಾಮಫೋಸಾ ಸಹಿ ಹಾಕಿದ ಹೊಸ ಸ್ವಾಧೀನ ಕಾಯ್ದೆ ಇದೇ ನೆಲೆಯ ಮೇಲೆ ನಿಂತಿದೆ. ಪಾಳು ಬಿಟ್ಟ ಜಮೀನು, ಬೆಲೆ ಏರಲಿ ಅಂತಲೇ ಬಳಸದೆ ಇಟ್ಟುಕೊಂಡದ್ದು, ಇಂಥವಕ್ಕೆ ನ್ಯಾಯ ಅನ್ನಿಸಿದರೆ ಸೊನ್ನೆ ಪರಿಹಾರವನ್ನೂ ನಿಗದಿ ಮಾಡಬಹುದು. ಒಪ್ಪದವರು ಕೋರ್ಟಿಗೆ ಹೋಗಬಹುದು. ಬಿಳಿಯ ರೈತರ ಹೊಲಗಳನ್ನೆಲ್ಲ ಕಿತ್ತುಕೊಳ್ಳುತ್ತಿದ್ದಾರೆ ಅಂತ ಟ್ರಂಪ್ ಮರುತಿಂಗಳು ಫೆಬ್ರವರಿಯಲ್ಲಿ ಅಮೆರಿಕದ ಸಹಾಯಧನ ನಿಲ್ಲಿಸಿದಾಗ ಈ ಕಾಯ್ದೆ ಜಾರಿಗೇ ಬಂದಿರಲಿಲ್ಲ.

ಭಯಕ್ಕೆ ಕಾರಣವೇ ಇಲ್ಲ ಅಂತಲ್ಲ. ಪಕ್ಕದ ಜಿಂಬಾಬ್ವೆಯಲ್ಲಿ 2000ದಿಂದ ಹೊಲಗಳಿಗೆ ನುಗ್ಗಿ ವಶಪಡಿಸಿಕೊಂಡರು. ಹಿಂಸೆ ನಡೆಯಿತು, ಬೆಳೆ ಕುಸಿಯಿತು, ಆ ಹೊಲಗಳ ಕೂಲಿಯಾಳುಗಳು ಬೀದಿಗೆ ಬಿದ್ದರು, ಒಳ್ಳೊಳ್ಳೆ ಜಮೀನು ಆಳುವವರ ಹತ್ತಿರದವರ ಪಾಲಾಯಿತು. ಅಲ್ಲೇ ಲಕ್ಷಕ್ಕೂ ಹೆಚ್ಚು ಸಣ್ಣ ಕುಟುಂಬಗಳಿಗೆ ನೆಲ ಸಿಕ್ಕಿತು ಅನ್ನುವುದೂ, 2023ರಲ್ಲಿ ತಂಬಾಕಿನ ಬೆಳೆ ಹಳೆಯ ದಾಖಲೆಗಳನ್ನು ಮೀರಿತು ಅನ್ನುವುದೂ ನಿಜ. ಕೊನೆಗೆ 2020ರಲ್ಲಿ ಬಿಳಿಯ ರೈತರಿಗೆ 350 ಕೋಟಿ ಡಾಲರ್ ಕೊಡಲು ಸರ್ಕಾರ ಒಪ್ಪಿತು. ನೆಲಕ್ಕಲ್ಲ, ಅದರ ಮೇಲೆ ಕಟ್ಟಿದ ಮನೆ, ಬಾವಿ, ಕೊಟ್ಟಿಗೆಗಳಂಥ ಅಭಿವೃದ್ಧಿಗೆ.

ನನ್ನನ್ನು ಕೇಳಿದರೆ ಸೊನ್ನೆಯೋ ಪೂರ್ತಿಯೋ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ತೆಗೆದುಕೊಂಡ ಜಮೀನು ಯಾರ ಹೆಸರಿಗೆ ಹೋಗುತ್ತದೆ? ಕರ್ನಾಟಕದಲ್ಲಿ 1974ರ ಭೂಸುಧಾರಣೆಯ ನಂತರ ನಮೂನೆ 7 ತುಂಬಿ ಭೂನ್ಯಾಯಮಂಡಳಿಯಲ್ಲಿ ಗೆದ್ದ ಗೇಣಿದಾರನ ಹೆಸರು ಪಹಣಿಗೆ ಬಂತು. ಪಹಣಿಯಲ್ಲಿ ಹೆಸರಿದ್ದರೆ ಬ್ಯಾಂಕ್ ಸಾಲ ಕೊಡುತ್ತದೆ, ಮಕ್ಕಳಿಗೆ ಆಸ್ತಿ ಉಳಿಯುತ್ತದೆ, ಅದು ಎಂಥ ಬಲ ಅಂತ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಹಂಚಿಕೆಗೆ ಅಂತ ಕೊಂಡ ಜಮೀನನ್ನು ಸರ್ಕಾರ ಎಷ್ಟೋ ಕಡೆ ತನ್ನ ಹೆಸರಿನಲ್ಲೇ ಇಟ್ಟುಕೊಂಡು ಕಪ್ಪು ರೈತರಿಗೆ ಗುತ್ತಿಗೆಗೆ ಕೊಟ್ಟಿದೆ. 2013ರ ನೀತಿಯೇ ಹಾಗಿತ್ತು. ಒಬ್ಬ ಒಡೆಯ ಹೋಗಿ ಇನ್ನೊಬ್ಬ ಬಂದಂತಾಯಿತು. ಲಿಂಪೋಪೋ ಪ್ರಾಂತ್ಯದಲ್ಲಿ 1990ರ ದಶಕದಿಂದ ಸರ್ಕಾರಿ ಜಮೀನಿನಲ್ಲಿ ಜಾನುವಾರು ಸಾಕಿದ್ದ ಕಪ್ಪು ರೈತರೊಬ್ಬರು ಅದನ್ನು ಕೊಳ್ಳಲು ವರ್ಷಗಟ್ಟಲೆ ಅಲೆದು, ಕೊನೆಗೆ ಸರ್ಕಾರದ ಮೇಲೆಯೇ ಕೇಸು ಹಾಕಬೇಕಾಯಿತು. 2019ರಲ್ಲಿ ಗೆದ್ದರು.

ಮಾಜಿ ಅಧ್ಯಕ್ಷ ಮೊಟ್ಲಾಂಟೆ ನೇತೃತ್ವದ ಸಮಿತಿ 2017ರಲ್ಲೇ ಇದನ್ನು ಹೇಳಿತ್ತು. ಜಮೀನು ಪ್ರಭಾವಿಗಳ ಪಾಲಾಗುತ್ತಿದೆ, ಯಾರಿಗೆ ಮೊದಲು ಕೊಡಬೇಕು, ಯಾವ ಹಕ್ಕಿನ ಮೇಲೆ ಕೊಡಬೇಕು ಅನ್ನುವುದಕ್ಕೆ ಒಂದು ಕಾನೂನು ಮಾಡಿ ಎಂದಿತ್ತು. 2025ರ ಕಾಯ್ದೆ ಜಮೀನು ತೆಗೆದುಕೊಳ್ಳುವ ಬಗ್ಗೆ ಮಾತ್ರ ಮಾತಾಡುತ್ತದೆ. ಕೊಡುವ ಬಗ್ಗೆ ಅದರಲ್ಲಿ ಇಲ್ಲ.