ಮೊದಲು ಗೊತ್ತಾಗುವುದು ಜೊತೆಗಾರನಿಗೆ

1970ರ ಕೊನೆ. ವಿಯೆಟ್ನಾಂ ಯುದ್ಧ ಇನ್ನೂ ನಡೆಯುತ್ತಿತ್ತು. ಅಲ್ಲಿಂದ ಮರಳಿದ ಕೆಲವು ಅಮೆರಿಕನ್ ಸೈನಿಕರು ನ್ಯೂಯಾರ್ಕ್‌ನಲ್ಲಿ ಒಟ್ಟಿಗೆ ಕೂತು ಮಾತಾಡತೊಡಗಿದರು. ಯುದ್ಧ ಬೇಡ ಎಂದು ಅವರೇ ಕಟ್ಟಿಕೊಂಡಿದ್ದ ಸಂಘವೊಂದಿತ್ತು. ಅದರ ಮಂದಿ ಅವರು. ನಿದ್ದೆಯಿಲ್ಲದ ರಾತ್ರಿಗಳು, ಸತ್ತ ಗೆಳೆಯರು, ತಾವು ಮಾಡಿದ್ದು, ಮಾಡದೆ ಬಿಟ್ಟಿದ್ದು, ಎಲ್ಲವೂ ಅಲ್ಲಿ ಮಾತಿಗೆ ಬರುತ್ತಿತ್ತು. ರಾಬರ್ಟ್ ಜೇ ಲಿಫ್ಟನ್, ಹೈಮ್ ಶಾಟನ್ ಎಂಬ ಮನೋವೈದ್ಯರೂ ಜೊತೆಗೆ ಇದ್ದರು. ಆದರೆ ಡಾಕ್ಟರ್ ಮೇಲೆ, ರೋಗಿ ಕೆಳಗೆ ಅನ್ನುವ ಲೆಕ್ಕ ಅಲ್ಲಿ ನಡೆಯಲಿಲ್ಲ. ಸರಿಸಮಾನವಾಗಿ ಕೂತು ಕೇಳಬೇಕಿತ್ತು.

ಸೇನೆಯಲ್ಲಿ ಆತ್ಮಹತ್ಯೆ ತಡೆಯುವ ಮಾತು ಬಂದಾಗಲೆಲ್ಲ ಈಗ ‘ಪಿಯರ್ ಸಪೋರ್ಟ್’ ಎನ್ನುತ್ತಾರೆ. ಒಬ್ಬ ಸೈನಿಕನಿಗೆ ಇನ್ನೊಬ್ಬ ಸೈನಿಕನೇ ಆಸರೆಯಾಗುವುದು. ಅದರ ಒಂದು ಬೇರು ಆ ಕೂಟಗಳಲ್ಲಿದೆ.

ಅಂಥ ಕೂಟ ಆಗಲೇ ಯಾಕೆ ಬೇಕಾಯಿತು? ಎರಡನೇ ಮಹಾಯುದ್ಧ ಮುಗಿದಾಗ ಬಹಳಷ್ಟು ಸೈನಿಕರು ಹಡಗಿನಲ್ಲಿ, ದಿನಗಟ್ಟಲೆ, ಒಟ್ಟಿಗೆ ಊರಿಗೆ ಬಂದಿದ್ದರು. ದಾರಿಯುದ್ದಕ್ಕೂ ಮಾತಿಗೆ ಜನ ಇದ್ದರು. ವಿಯೆಟ್ನಾಂನಲ್ಲಿ ಹಾಗಾಗಲಿಲ್ಲ. ಒಬ್ಬೊಬ್ಬರಿಗೂ ಸುಮಾರು ಒಂದು ವರ್ಷದ ಅವಧಿ. ಅದು ಮುಗಿದ ಕೂಡಲೇ ಒಬ್ಬನೇ ವಿಮಾನ ಹತ್ತಬೇಕು. ಕಾಡಿನಲ್ಲಿದ್ದವನು ಒಂದೆರಡು ದಿನದಲ್ಲಿ ಅಮ್ಮನ ಅಡುಗೆಮನೆಯಲ್ಲಿ. ಅವನ ಮಾತು ಅರ್ಥವಾಗುವವರು ಸುತ್ತಮುತ್ತ ಯಾರೂ ಇಲ್ಲ.

ಸರ್ಕಾರಕ್ಕೆ ಇದು ತಟ್ಟಲು ಸುಮಾರು ಹತ್ತು ವರ್ಷ ಹಿಡಿಯಿತು. ವಿಯೆಟ್ನಾಂನಲ್ಲಿ ಎರಡೂ ಕಾಲು, ಒಂದು ಕೈ ಕಳೆದುಕೊಂಡಿದ್ದ ಮ್ಯಾಕ್ಸ್ ಕ್ಲೆಲಂಡ್ ಆಗ ಮಾಜಿ ಸೈನಿಕರ ಇಲಾಖೆಯ ಮುಖ್ಯಸ್ಥರಾಗಿದ್ದರು. 1979ರಲ್ಲಿ ‘ವೆಟ್ ಸೆಂಟರ್’ಗಳು, ಅಂದರೆ ಮಾಜಿ ಸೈನಿಕರು ಬಂದು ಮಾತಾಡುವ ಕೇಂದ್ರಗಳು ಶುರುವಾದವು. ಅವನ್ನು ಆಸ್ಪತ್ರೆಯೊಳಗೆ ಇಡದೆ ಬೀದಿಬದಿಯ ಮಳಿಗೆಗಳಲ್ಲಿ ತೆರೆದರು. ಒಳಗೆ ಕೂತವರಲ್ಲಿ ಹಲವರು ಮಾಜಿ ಸೈನಿಕರೇ. ಅಲ್ಲಿ ಆಡಿದ ಮಾತಿನ ದಾಖಲೆ ಆಸ್ಪತ್ರೆಯ ಫೈಲಿಗೆ ಸೇರುವುದಿಲ್ಲ. ನನ್ನ ಪ್ರಕಾರ ಇದೇ ಮುಖ್ಯ. ಸೈನಿಕ ಹೆದರುವುದು ಡಾಕ್ಟರಿಗಲ್ಲ, ಡಾಕ್ಟರ್ ಬರೆಯುವ ಫೈಲಿಗೆ. ಬಡ್ತಿ ನಿಲ್ಲಬಹುದು, ಕೈಯಿಂದ ಬಂದೂಕು ಹೋಗಬಹುದು, ‘ಇವನ ತಲೆ ಸರಿ ಇಲ್ಲ’ ಅನ್ನುವ ಹಣೆಪಟ್ಟಿ ಬೀಳಬಹುದು. ಹೀಗಿರುವಾಗ ಬಾಯಿ ಬಿಡುತ್ತಾನಾ?

ಈ ಭಯಕ್ಕೆ ನೇರವಾಗಿ ಕೈ ಹಾಕಿದ್ದು ಅಮೆರಿಕದ ವಾಯುಪಡೆ. 1996ರ ಮೇ ತಿಂಗಳಲ್ಲಿ ಅಲ್ಲಿನ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಜೆರೆಮಿ ಬೂರ್ಡಾ ಆತ್ಮಹತ್ಯೆ ಮಾಡಿಕೊಂಡರು. ಅಷ್ಟೊತ್ತಿಗೆ ವಾಯುಪಡೆಯಲ್ಲೂ ಇಂಥ ಸಾವುಗಳು ಹೆಚ್ಚಿದ್ದವು. ಮುಖ್ಯಸ್ಥ ಜನರಲ್ ರೊನಾಲ್ಡ್ ಫೋಗಲ್‌ಮನ್ ಇದನ್ನು ಬರೀ ವೈದ್ಯರ ಕೆಲಸವೆಂದು ಬಿಡಲಿಲ್ಲ. ಪಡೆಯ ಪ್ರತಿಯೊಬ್ಬನಿಗೂ ತರಬೇತಿ ಎಂದರು. ಪಕ್ಕದವನಲ್ಲಿ ಏನು ಗಮನಿಸಬೇಕು, ಹೇಗೆ ಕೇಳಬೇಕು, ಯಾರ ಬಳಿ ಕರೆದೊಯ್ಯಬೇಕು ಎಂದು ಎಲ್ಲರೂ ಕಲಿತರು.

ಜೊತೆಗೆ ಎರಡು ನಿಯಮ ಬಂದವು. ವಿಚಾರಣೆ ಎದುರಿಸುವ ಸಿಬ್ಬಂದಿಗೆ ಅಪಾಯ ಜಾಸ್ತಿ. ಹಾಗಾಗಿ ತನಿಖಾಧಿಕಾರಿ ಪ್ರಶ್ನೆ ಮುಗಿಸಿದ ಮೇಲೆ ಅವನನ್ನು ಸುಮ್ನೆ ಕಳಿಸಿಬಿಡುವಂತಿಲ್ಲ. ಅವನ ಘಟಕದವರ ಕೈಗೇ ಒಪ್ಪಿಸಬೇಕು. ಇನ್ನೊಂದು, ಅಂಥ ಹೊತ್ತಿನಲ್ಲಿ ಅವನು ಮನೋವೈದ್ಯರಿಗೆ ಹೇಳಿದ್ದನ್ನು ಕೋರ್ಟ್ ಮಾರ್ಷಲ್‌ನಲ್ಲಿ ಅವನ ವಿರುದ್ಧ ಬಳಸುವಂತಿಲ್ಲ. ಚಿಕ್ಕ ನಿಯಮಗಳೇ. ಆದರೆ ಮಾತಾಡಿದರೆ ಶಿಕ್ಷೆ ಇಲ್ಲ ಎಂದು ಅವು ಕಾಗದದ ಮೇಲೆ ಬರೆದುಕೊಟ್ಟವು.

2003ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಆ ಪಡೆಯಲ್ಲಿ ಆತ್ಮಹತ್ಯೆಯ ಅಪಾಯ ಶೇ 33ರಷ್ಟು ಇಳಿದಿತ್ತು. ಮುಂದೆ 2004ರಲ್ಲಿ ಮಾತ್ರ ಪ್ರಮಾಣ ಮತ್ತೆ ಏರಿತು. ಆ ವರ್ಷ ಕಾರ್ಯಕ್ರಮವನ್ನು ಸಡಿಲವಾಗಿ ನಡೆಸಿದ್ದರು ಎಂದು ಸಂಶೋಧಕರೇ ಆಮೇಲೆ ತೋರಿಸಿದರು.

ಅಮೆರಿಕದ ಭೂಸೇನೆಯ ಕಥೆ ಬೇರೆ. ಇರಾಕ್, ಅಫ್ಗಾನಿಸ್ತಾನದ ಯುದ್ಧಗಳ ನಡುವೆ ಅಲ್ಲಿ ಸಾವು ಏರುತ್ತಲೇ ಹೋಯಿತು. 2008ರಲ್ಲಿ ಅದೇ ವಯಸ್ಸಿನ ಸಾಮಾನ್ಯ ನಾಗರಿಕರ ಪ್ರಮಾಣವನ್ನೂ ದಾಟಿತು. ‘ಕೇಳು, ಕಾಳಜಿ ಮಾಡು, ಜೊತೆಗೆ ಕರೆದೊಯ್ಯಿ’ ಎಂಬ ಮೂರು ಹೆಜ್ಜೆಗಳನ್ನು ಸೈನಿಕರಿಗೆ ಕಲಿಸಿದರು. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಎಂದು ಬಹಳ ಜನ ನಂಬಿದ್ದಾರೆ. ಅದು ತಪ್ಪು. ಕೇಳಿದರೆ ಅಪಾಯ ಹೆಚ್ಚುವುದಿಲ್ಲ. ಎಷ್ಟೋ ಸಲ ಎದೆಯ ಭಾರ ಇಳಿಯುತ್ತದೆ.

2011ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ‘ವೆಟ್ಸ್ ಫಾರ್ ವಾರಿಯರ್ಸ್’ ಎಂಬ ಫೋನ್ ಸೇವೆ ಶುರುವಾಯಿತು. ಅದಕ್ಕೂ ಮುಂಚೆ ಅದೇ ರಾಜ್ಯದಲ್ಲಿ ಪೊಲೀಸರ ಕರೆಗೆ ನಿವೃತ್ತ ಪೊಲೀಸರೇ ಓಗೊಡುವ ವ್ಯವಸ್ಥೆ ಇತ್ತು. ಇಲ್ಲೂ ಹಾಗೇ. ದಿನದ ಯಾವ ಹೊತ್ತಿಗೆ ಕರೆ ಮಾಡಿದರೂ ಎತ್ತುವುದು ಮಾಜಿ ಸೈನಿಕ. ವಿಷಯ ಆತ್ಮಹತ್ಯೆಯೇ ಆಗಬೇಕಿಲ್ಲ. ಹೆಂಡತಿ ಜೊತೆ ಜಗಳ, ಸಾಲ, ಕೆಲಸ ಸಿಗದ ಬೇಸರ, ಏನಾದರೂ ಸರಿ. ಒಂದು ಕರೆಗೇ ಮುಗಿಯುವುದಿಲ್ಲ, ಅವರೇ ಮತ್ತೆ ಫೋನ್ ಮಾಡಿ ವಿಚಾರಿಸುತ್ತಾರೆ. ಕೊನೇ ಗಳಿಗೆಗೆ ಕಾಯದೆ, ಕಷ್ಟ ಚಿಕ್ಕದಿರುವಾಗಲೇ ಮಾತಾಡಿಸುವ ಉಪಾಯ ಇದು.

ಆದರೆ ಗೆಳೆಯನೊಬ್ಬನಿಂದಲೇ ಎಲ್ಲ ಆಗುತ್ತದೆ ಅಂದುಕೊಳ್ಳಬಾರದು. ಆಘಾತದ ಘಟನೆಯ ನಂತರ ಸಹಸೈನಿಕರೇ ಒಬ್ಬರನ್ನೊಬ್ಬರು ವಿಚಾರಿಸುವ ‘ಟ್ರಿಮ್’ ಪದ್ಧತಿಯನ್ನು ಬ್ರಿಟನ್ ತನ್ನ 12 ಯುದ್ಧನೌಕೆಗಳಲ್ಲಿ ಪರೀಕ್ಷಿಸಿತು. ಕೆಡುಕಾಗಲಿಲ್ಲ. ಆದರೆ ಮನಸ್ಸಿನ ಆರೋಗ್ಯದಲ್ಲಿ ದೊಡ್ಡ ಸುಧಾರಣೆಯೂ ಕಾಣಲಿಲ್ಲ. ಇಸ್ರೇಲ್ ಸೇನೆ ವಾರಾಂತ್ಯದ ರಜೆಯಲ್ಲಿ ಬಂದೂಕು ಮನೆಗೆ ಒಯ್ಯುವುದನ್ನು 2006ರಲ್ಲಿ ಕಡಿಮೆ ಮಾಡಿತು. ಆತ್ಮಹತ್ಯೆ ಸುಮಾರು ಶೇ 40ರಷ್ಟು ಇಳಿಯಿತು. ಆ ಗಳಿಗೆಯಲ್ಲಿ ಆಯುಧ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ‘ಇವತ್ತು ನಿನ್ನ ಬಂದೂಕು ಶಸ್ತ್ರಾಗಾರದಲ್ಲೇ ಇರಲಿ’ ಎಂದು ಹೇಳುವ ಜೊತೆಗಾರನೂ ಬೇಕು, ಹಾಗೆ ಹೇಳಲು ನಿಯಮದ ಬಲವೂ ಬೇಕು.

ನಮ್ಮ ಸೇನೆಯಲ್ಲೂ ಇಬ್ಬಿಬ್ಬರು ಜವಾನರನ್ನು ಜೋಡಿ ಮಾಡುವ ಪದ್ಧತಿ ಇದೆ. ಒಟ್ಟಿಗೆ ಕಾವಲು, ಒಟ್ಟಿಗೆ ಊಟ. ಊರಿನ ಜಮೀನು ತಗಾದೆ, ಸಿಗದ ರಜೆ, ಮನೆಯ ಸಾಲ, ಯಾವುದೇ ಆಗಲಿ, ಕಮಾಂಡರ್‌ಗಿಂತ ಮೊದಲು ಜೋಡಿಯವನಿಗೆ ತಿಳಿಯುತ್ತದೆ. ಆದರೆ ತಿಳಿದ ಮೇಲೆ ಅವನು ಏನು ಮಾಡಬೇಕು? ವರದಿ ಮಾಡಿದರೆ ಗೆಳೆಯನ ಮೆಡಿಕಲ್ ಕೆಟಗರಿ, ಅಂದರೆ ಸೇವೆಗೆ ಎಷ್ಟು ಯೋಗ್ಯ ಎನ್ನುವ ದರ್ಜೆ, ಇಳಿದೀತು ಎಂಬ ಅಂಜಿಕೆ ಇಲ್ಲೂ ಇದೆ. ಅಮೆರಿಕದ ವಾಯುಪಡೆಯ ಆ ಎರಡು ನಿಯಮಗಳಿಂದ ನಾವು ಕಲಿಯಬೇಕಾದ್ದು ಇಲ್ಲೇ ಅಲ್ವಾ?

ಹೊರಗಿನ ಒಂದು ಬಾಗಿಲಂತೂ ತೆರೆದಿದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ, ಮನಸ್ಸಿನ ಕಷ್ಟಕ್ಕೆ ಫೋನಿನಲ್ಲೇ ನೆರವಾಗುವ ಸರ್ಕಾರಿ ಟೆಲಿ ಮಾನಸ್‌ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಸೈನಿಕರಿಗೂ ಅವರ ಮನೆಯವರಿಗೂ ಅದರದ್ದೇ ಪ್ರತ್ಯೇಕ ಘಟಕ ತೆರೆದರು. 14416 ಉಚಿತ ಸಂಖ್ಯೆ. ಹಗಲು ರಾತ್ರಿ ಎನ್ನದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಕೊಡಗಿನಲ್ಲೋ ಬೆಳಗಾವಿಯಲ್ಲೋ ಮಗನ ಫೋನಿನ ದನಿ ಬದಲಾದದ್ದು ಗೊತ್ತಾಗುವ ತಾಯಿಯೂ ಈ ನಂಬರಿಗೆ ಕರೆ ಮಾಡಬಹುದು.