ಭಾಗವತರನ್ನು ಯಾವ ವರ್ಗಕ್ಕೆ ಹಾಕುವುದು?

ಮಳೆಗಾಲದ ಒಂದು ರಾತ್ರಿ. ಶಿರಸಿ ಹತ್ತಿರದ ಮನೆಯೊಂದರಲ್ಲಿ ತಾಳಮದ್ದಲೆ (ವೇಷ, ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನ) ಮುಗಿದು ಜಗಲಿಯಲ್ಲಿ ಕವಳದ ಬಟ್ಟಲು ಸುತ್ತುತ್ತಿತ್ತು. ಕನ್ನಡ ವಿಕಿಪೀಡಿಯಕ್ಕೆ ಭಾಗವತರೊಬ್ಬರ, ಅಂದರೆ ಯಕ್ಷಗಾನದಲ್ಲಿ ಪದ್ಯ ಹಾಡಿ ಆಟ ನಡೆಸುವವರೊಬ್ಬರ, ಪುಟ ಬರೆಯುತ್ತಿದ್ದ ನಾನು ಅದನ್ನು ಯಾವ ವರ್ಗದ ಪಟ್ಟಿಗೆ ಸೇರಿಸುವುದೆಂದು ತಿಳಿಯದೆ, ಸುಮ್ನಿರಲಾರದೆ ಕೇಳಿದೆ, 'ಭಾಗವತರು ಗಾಯಕರೋ, ಸಂಗೀತ ಸಂಯೋಜಕರೋ?' ಹಿರಿಯರೊಬ್ಬರು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು ಹೇಳಿದರು, 'ತಮಾ, ಭಾಗವತ ಅಂದ್ರೆ ಮೊದಲನೇ ವೇಷ. ಅದನ್ನೇ ಬರಿ.'

ಹಾಗೊಂದು ವರ್ಗ ಮಾಡಿದರೆ ಯಾರು ಉಳಿಸುತ್ತಾರೆ?

ವಿಕಿಪೀಡಿಯಕ್ಕೆ ವರ್ಗಗಳು ಬಂದದ್ದು 2004ರಲ್ಲಿ. ಪುಟದ ಕೊನೆಗೆ ಒಂದು ಸಾಲು ಸೇರಿಸಿದರೆ ಹೆಸರು ತಾನಾಗಿಯೇ ಪಟ್ಟಿಗೆ ಹೋಗಿ ಕೂರುತ್ತದೆ. ಆದರೆ ಸಂಯೋಜಕ ಒಂದು ಕಡೆ, ಹಾಡುವವ ಇನ್ನೊಂದು ಕಡೆ ಎಂಬ ಗೆರೆ ಅದಕ್ಕಿಂತ ಬಹಳ ಹಳೆಯದು, ಅದೂ ಜಾಸ್ತಿ ಯುರೋಪಿನದು. 1827ರಲ್ಲಿ ತೀರಿಕೊಂಡ ಬೀಥೋವನ್ ಬರೆದಿಟ್ಟ ಸ್ವರಗಳನ್ನೇ ವಾದ್ಯಮೇಳಗಳು ಇಂದಿಗೂ ಎದುರಿಗಿಟ್ಟುಕೊಂಡು ನುಡಿಸುತ್ತವೆ. ಕಾಗದ ಇದ್ದಲ್ಲಿ ಗೆರೆ ಎಳೆಯುವುದು ಸುಲಭ.

ನಮ್ಮಲ್ಲಿ ಗೆರೆ ಬೇರೆ ಕಡೆ ಬಿದ್ದಿತ್ತು. 13ನೇ ಶತಮಾನದಲ್ಲಿ ದೇವಗಿರಿಯಲ್ಲಿದ್ದ ಶಾರ್ಙ್ಗದೇವ 'ಸಂಗೀತ ರತ್ನಾಕರ'ದಲ್ಲಿ ಮಾತು ಅಂದರೆ ಸಾಹಿತ್ಯ, ಧಾತು ಅಂದರೆ ಸ್ವರದ ಕಟ್ಟಡ ಎನ್ನುತ್ತಾನೆ. ಎರಡನ್ನೂ ಮಾಡುವವ ವಾಗ್ಗೇಯಕಾರ. ಮಾತು ಚೆನ್ನಾಗಿದ್ದು ಧಾತು ಸೊರಗಿದರೆ ಅವನು ಕೆಳಗಿನ ದರ್ಜೆಯವನು. ಇನ್ನೊಬ್ಬರ ಧಾತುವಿಗೆ ಮಾತು ಕೂರಿಸುವವನಿಗೂ ಕುಟ್ಟಿಕಾರ ಎಂಬ ಹೆಸರಿದೆ. ಇಂದಿನ ಸಿನಿಮಾದಲ್ಲಿ ಟ್ಯೂನಿಗೆ ಹಾಡು ಬರೆಯುವವರಿಗೆ ಇದನ್ನು ಹೇಳಿ ನೋಡಿ!

ಆದರೆ ಯಕ್ಷಗಾನ ಈ ಲೆಕ್ಕಕ್ಕೂ ಸಿಗುವುದಿಲ್ಲ. ಪ್ರಸಂಗದ, ಅಂದರೆ ಆಟದ ಕಥೆಯ, ಕವಿ ಪದ್ಯ ಬರೆದು ಮೇಲೆ ರಾಗ, ತಾಳದ ಹೆಸರು ಹಾಕುತ್ತಾನೆ. ಪದ್ಯ ಯಾವ ಮಟ್ಟಿನದು, ಅಂದರೆ ಯಾವ ಧಾಟಿಯದು, ಎಂಬುದು ಅದರ ಛಂದಸ್ಸಿನಲ್ಲೇ ಅಡಗಿರುತ್ತದೆ. ಆ ಮಟ್ಟು ಕವಿಯ ಸ್ವಂತದ್ದಲ್ಲ, ಬಾಯಿಂದ ಬಾಯಿಗೆ ಬಂದದ್ದು. ಭಾಗವತರೋ, ಪುಸ್ತಕದ ರಾಗವನ್ನು ಬಿಟ್ಟು ಬೇರೆ ಹಿಡಿಯಬಹುದು. ವೇಷಧಾರಿಯ ಕುಣಿತ ನೋಡಿ ಪದ್ಯ ಎಳೆಯಬಹುದು, ನಿಲ್ಲಿಸಬಹುದು. 1934ರಲ್ಲಿ ಹುಟ್ಟಿದ ಕೆರೆಮನೆ ಮೇಳದಲ್ಲಿ ನೆಬ್ಬೂರು ನಾರಾಯಣ ಭಾಗವತರನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕವಿ ಅರ್ಧ, ಪರಂಪರೆ ಅರ್ಧ ಎಂದರೆ ಭಾಗವತರ ಪಾಲು ಎಲ್ಲಿಗೆ ಹೋಯಿತು, ಅಲ್ವಾ?

ಕಾನೂನೂ ತಡವರಿಸಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಸಂಗೀತ ಕೃತಿ ಎಂದರೆ ಬರೆದಿಟ್ಟದ್ದು ಅಥವಾ ಅಚ್ಚಾದದ್ದು. ಬಾಯಲ್ಲೇ ಇದ್ದ ರಾಗಕ್ಕೆ ಜಾಗವಿರಲಿಲ್ಲ. 1994ರ ತಿದ್ದುಪಡಿ ಬಂದ ಮೇಲೆಯೇ, ಬರೆದಿಡದಿದ್ದರೂ ಸಂಯೋಜಕ ಸಂಯೋಜಕನೇ ಎಂದಾಯಿತು. ಪ್ರದರ್ಶಕರ ಹಕ್ಕು ಸಿಕ್ಕಿದ್ದೂ ಆಗಲೇ.

2012ರಲ್ಲಿ ಶುರುವಾದ, ವಿಕಿಪೀಡಿಯದ ಜೊತೆಗಿರುವ ಮಾಹಿತಿ ಕೋಶ ವಿಕಿಡೇಟಾ ಸ್ವಲ್ಪ ಜಾಣತನ ತೋರಿಸಿತು. ಅಲ್ಲಿ ಒಬ್ಬರಿಗೆ ಎಷ್ಟು ವೃತ್ತಿ ಬೇಕಾದರೂ ಬರೆಯಬಹುದು. ಕೃತಿಯ ಪುಟದಲ್ಲಿ ಸಾಹಿತ್ಯ, ಸಂಯೋಜನೆ, ಪ್ರದರ್ಶನ ಮೂರೂ ಬೇರೆ ಬೇರೆ. ನನಗೆ ಇದೇ ಸರಿ ಕಾಣುತ್ತದೆ. ವರ್ಗ ಮನುಷ್ಯನಿಗೆ ಹಚ್ಚುವುದಕ್ಕಿಂತ ಅವನು ಮಾಡಿದ ಕೆಲಸಕ್ಕೆ ಹಚ್ಚಲಿ.

ಹಾಗಾಗಿ ನನ್ನ ಪುಟದ ಅಡಿಯಲ್ಲಿ 'ಯಕ್ಷಗಾನ ಭಾಗವತರು' ಎಂದಷ್ಟೇ ಬರೆದೆ. ಪ್ರಸಂಗದ ಪುಟದಲ್ಲಿ ಸಾಹಿತ್ಯದ ಮುಂದೆ ಕವಿಯ ಹೆಸರು ಹಾಕಿದೆ. ಸಂಯೋಜನೆಯ ಮುಂದಿನ ಜಾಗ ಇನ್ನೂ ಖಾಲಿ ಇದೆ.