ಕಾರ್ಖಾನೆಯಲ್ಲಿ ಸಿದ್ಧವಾಗುವ ಮರದ ಚೌಕಟ್ಟು: ವಾಸ್ತುಶಿಲ್ಪಿಗೆ ಏನು ಲಾಭ?

ಪ್ರಶ್ನೆ: ಮರದ ಚೌಕಟ್ಟಿನ ಗೋಡೆಗಳನ್ನು ಕಾರ್ಖಾನೆಯಲ್ಲೇ ತಯಾರಿಸಿ ನಿವೇಶನದಲ್ಲಿ ಜೋಡಿಸುವ ಪದ್ಧತಿಯಿಂದ ವಾಸ್ತುಶಿಲ್ಪಿಗೆ ಆಗುವ ಪ್ರಯೋಜನವೇನು? ಹುಬ್ಬಳ್ಳಿ, ಗದಗ ಭಾಗದ ಎರೆ ನೆಲಕ್ಕೆ ಅದು ಹೊಂದುತ್ತದೆಯೇ?

ಉತ್ತರ: ಈ ಪದ್ಧತಿಯಲ್ಲಿ ಕೆಲಸ ಬೇಗ ಮುಗಿಯುತ್ತದೆ, ನಿಜ, ನಿವೇಶನದಲ್ಲಿ ಬುನಾದಿಯ ಕೆಲಸ ನಡೆದಿರುವಾಗಲೇ ಕಾರ್ಖಾನೆಯಲ್ಲಿ ಗೋಡೆಗಳು ಸಿದ್ಧವಾಗುತ್ತಿರುತ್ತವೆ. ಆದರೆ ವಾಸ್ತುಶಿಲ್ಪಿಯ ಮಟ್ಟಿಗೆ ಅದಕ್ಕಿಂತ ಹಿರಿದಾದ ಲಾಭವೆಂದರೆ, ನಕ್ಷೆಯಲ್ಲಿ ಬರೆದ ಅಳತೆ ಗೋಡೆಯಲ್ಲಿಯೂ ಹಾಗೆಯೇ ಉಳಿಯುವುದು. ಬ್ರಿಟನ್ನಿನಲ್ಲಿ ರೂಢಿಯಲ್ಲಿರುವ ಇಂಥದೊಂದು ಗೋಡೆಯನ್ನು ಬಿಚ್ಚಿ ನೋಡಿದರೆ, 38 ಮಿ.ಮೀ. ದಪ್ಪ, 140 ಮಿ.ಮೀ. ಅಗಲದ ಮರದ ಪಟ್ಟಿಗಳು ಸಾಮಾನ್ಯವಾಗಿ 600 ಮಿ.ಮೀ.ಗೊಂದರಂತೆ ನೆಟ್ಟಗೆ ನಿಂತಿರುತ್ತವೆ; ನಡುವೆ ಶಾಖ ತಡೆಯುವ ಉಣ್ಣೆ, ಹೊರಮೈಗೆ ಗಟ್ಟಿ ಹಲಗೆ, ಅದರ ಮೇಲೆ ನೀರು ತಡೆಯುವ ಪೊರೆ. ಕಿಟಕಿ ಎಲ್ಲಿ, ಸ್ವಿಚ್‌ಬೋರ್ಡ್ ಎಲ್ಲಿ, ಪೈಪು ಯಾವ ಪಟ್ಟಿಯನ್ನು ದಾಟಬೇಕು ಎಂಬುದೆಲ್ಲ ಮರ ಕೊಯ್ಯುವ ಮೊದಲೇ ತೀರ್ಮಾನವಾಗಿರಬೇಕು. ಗೌಂಡಿ ಕಟ್ಟಿದ ಗೋಡೆಯನ್ನು ಪ್ಲಂಬರ್ ಬಂದು ಕಡಿಯುವ, ಕಡಿದದ್ದನ್ನು ಮತ್ತೆ ಗಿಲಾಯಿ ಮಾಡಿ ಮುಚ್ಚುವ ಪರಿಪಾಠಕ್ಕೆ ಇಲ್ಲಿ ಎಡೆಯಿಲ್ಲ. ಮನೆಯ ಯಜಮಾನರು ನಡುವೆ ಮನಸ್ಸು ಬದಲಿಸಿದರೆ ಕಷ್ಟವೇ; ಆದ್ದರಿಂದ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆಯುವುದು ಒಳ್ಳೆಯದು.

ಇನ್ನು ನೆಲದ ಮಾತು. ಕಾಂಕ್ರೀಟಿನ ತೂಕ ಘನಮೀಟರಿಗೆ ಸುಮಾರು 2,400 ಕಿ.ಗ್ರಾಂ., ಪೈನ್ ಜಾತಿಯ ಮರದ್ದು ಸುಮಾರು 500. ಹಗುರ ಮನೆಗೆ ಸಣ್ಣ ಬುನಾದಿ ಸಾಕೆಂಬ ವಾದ ಗಟ್ಟಿ ನೆಲದಲ್ಲಿ ಸರಿ, ಎರೆ ಮಣ್ಣಿನಲ್ಲಿ ಅಪಾಯಕಾರಿ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಆ ಮಣ್ಣು ಭಾರದ ಕಟ್ಟಡಕ್ಕಿಂತ ಹಗುರ ಕಟ್ಟಡವನ್ನೇ ಸುಲಭವಾಗಿ ಮೇಲೆತ್ತುತ್ತದೆ. ತೇವದ ಏರಿಳಿತ ತಾಗದ ಆಳಕ್ಕೆ ಇಳಿದು, ಬುಡದ ಬಳಿ ಗಡ್ಡೆಯಂತೆ ಅಗಲವಾಗುವ ಅಂಡರ್-ರೀಮ್ಡ್ ಪೈಲ್‌ಗಳ (ನೆಲದೊಳಗಿನ ಕಾಂಕ್ರೀಟ್ ಕಂಬಗಳ) ಮೇಲೆ ತೊಲೆ ಹಾಕಿ, ತೊಲೆಯ ಕೆಳಗೆ ಮಣ್ಣು ಉಬ್ಬಲು ಜಾಗ ಬಿಟ್ಟರೆ ಈ ಪದ್ಧತಿ ಇಲ್ಲಿಯೂ ನಿಲ್ಲುತ್ತದೆ.

ಗೆದ್ದಲಿನ ಭಯ ಸಹಜ. ಮರದ ತೇವಾಂಶ ಶೇ. 20ಕ್ಕಿಂತ ಕಡಿಮೆಯಿದ್ದರೆ ಕೊಳೆಯುವುದಿಲ್ಲ, ಆದರೆ ಗೆದ್ದಲಿಗೆ ಅಷ್ಟು ಸಾಲದು. ಭಾರತೀಯ ಮಾನಕಗಳಾದ (ಐಎಸ್) ಐಎಸ್ 401ರ ಪ್ರಕಾರ ಮರಕ್ಕೆ, ಐಎಸ್ 6313ರ ಪ್ರಕಾರ ನೆಲಕ್ಕೆ ಸಂಸ್ಕರಣೆ ಬೇಕು. ಗದಗಿನ ಬಿಸಿಲಿಗೆ ತೆಳುವಾದ ಗೋಡೆ ಬೇಗ ಕಾಯುವುದರಿಂದ ಉಣ್ಣೆಯ ಜೊತೆಗೆ ಅಗಲವಾದ ಸೂರಿನ ನೆರಳನ್ನೂ ಕೊಡಬೇಕು.

ಕೊನೆಯದಾಗಿ, ಗೋಡೆಯ ತುಂಡುಗಳ ಉದ್ದವನ್ನು ನಿರ್ಧರಿಸುವ ಮೊದಲು ನಿವೇಶನಕ್ಕೆ ಹೋಗುವ ದಾರಿಯನ್ನು ಅಳೆಯಿರಿ. ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಲಾರಿ ತಿರುಗದಿದ್ದರೆ, ಇಬ್ಬರು ಮೂವರು ಹೊತ್ತು ಒಯ್ಯಬಹುದಾದ ಸಣ್ಣ ತುಂಡುಗಳನ್ನೇ ನಕ್ಷೆಯಲ್ಲಿ ಬರೆಯಬೇಕಾಗುತ್ತದೆ.